ನಾಮ್ ಪೆನ್‌ಗೆ ಹೋಗಿ ಬಂದ ಜಲಜಕ್ಕ

ಜಲಜಾಕ್ಷಿಯವರಿಗೆ ಎರಡು ಮದುವೆ ಎಂಬುದನ್ನು ನಾನು ಮೊದಲು ಕೇಳಿದ್ದು ರಾಟರ್‌ಡ್ಯಾಮ್‌ನಲ್ಲಿ ಒಬ್ಬರ ಮನೆಯ ಯುಗಾದಿ ಊಟದಲ್ಲಿ. ಹೋಳಿಗೆ ಬಡಿಸುತ್ತಿದ್ದ ಹೆಂಗಸು ದನಿ ತಗ್ಗಿಸಿ, "ಮೊದಲನೆಯವನು ಯಾವುದೋ ಚೀನಾ ಕಡೆಯವನಂತೆ, ಬಿಟ್ಟು ಹೋದನಂತೆ. ಈಗಿರೋನು ಟ್ರ್ಯಾಮ್ ಓಡಿಸ್ತಾನೆ," ಎಂದಳು. ಆಗ ನಾವು ಹಾಲೆಂಡಿಗೆ, ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿಗೆ ಬಂದು ಒಂದು ವರ್ಷ ಕೂಡ ಆಗಿರಲಿಲ್ಲ. ನನ್ನ ಗಂಡ ತ್ಯಾಗರಾಜನಿಗೆ ಅಲ್ಲಿನ ಆಫೀಸ್ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸ. ನನಗೆ ಕೆಲಸ ಮಾಡುವ ಪರ್ಮಿಟ್ ಇರಲಿಲ್ಲ. ಹಗಲೆಲ್ಲ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು ಮೈಸೂರನ್ನು ನೆನೆಯುವುದೇ ನನ್ನ ಕೆಲಸವಾಗಿತ್ತು.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಜಲಜಕ್ಕ ಇದ್ದರು. ಒಂದು ದಿನ ಲಿಫ್ಟಿನಲ್ಲಿ ನನ್ನ ಚೀಲ ನೋಡಿ, ನಾನು ಯಾರು ಏನು ಎಂದೂ ಕೇಳದೆ, "ಇಷ್ಟು ಒಳ್ಳೆ ಕೊತ್ತಂಬರಿ ಎಲ್ಲಿ ಸಿಕ್ಕಿತು ಮಾರಾಯ್ತಿ?" ಎಂದರು. ಅವತ್ತಿನಿಂದ ನನಗೆ ಆ ಊರಿನಲ್ಲಿ ಒಂದು ಮನೆ ಎಂದಾಯಿತು. ಅವರಿಗೆ ಐವತ್ತು ದಾಟಿತ್ತು. ರಾಟರ್‌ಡ್ಯಾಮ್‌ನ ಒಂದು ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಗಂಡ ಕೀಸ್ ಉದ್ದ ಕಾಲಿನ, ಮೆಲುಮಾತಿನ ಮನುಷ್ಯ. ಅವರಿಗೆ ಗೊತ್ತಿದ್ದ ಕನ್ನಡ "ಊಟ ಆಯ್ತಾ" ಒಂದೇ. ಅದನ್ನು ಬೆಳಿಗ್ಗೆ ಒಂಬತ್ತಕ್ಕೂ ಕೇಳುತ್ತಿದ್ದರು. ಮಗಳು ಪ್ರಭಾ ಲೈಡನ್‌ನಲ್ಲಿ ಓದು ಮುಗಿಸಿ ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಡಚ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ಮುಖ ಅಮ್ಮನ ಹಾಗೂ ಇರಲಿಲ್ಲ, ಕೀಸ್ ಹಾಗಂತೂ ಇರಲೇ ಇಲ್ಲ.

ಜಲಜಕ್ಕನ ಕತೆ ನನಗೆ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. ಅಕ್ಕಿ ಆರಿಸುವಾಗ ಒಂದಿಷ್ಟು, ಬಸ್ಸಿಗೆ ಕಾಯುವಾಗ ಇನ್ನೊಂದಿಷ್ಟು ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ಅವರು ಬ್ರಹ್ಮಾವರದವರು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, 1970ರಲ್ಲಿ ಇತರ ಹುಡುಗಿಯರ ಗುಂಪಿನೊಂದಿಗೆ ಹಾಲೆಂಡಿಗೆ ಬಂದರು. ಗುಂಪಿನಲ್ಲಿದ್ದವರೆಲ್ಲ ಕೇರಳದವರು, ಕನ್ನಡದವಳು ಇವರೊಬ್ಬಳೇ. ಎರಡನೆಯ ಚಳಿಗಾಲದಲ್ಲಿ ಆಸ್ಪತ್ರೆಗೆ ಮುರಿದ ಮುಂಗೈ ಹಿಡಿದುಕೊಂಡು ಒಬ್ಬ ಹುಡುಗ ಬಂದ. ಹೆಸರು ಸಾರಿತ್, ಊರು ಕಾಂಬೋಡಿಯದ ರಾಜಧಾನಿ ನಾಮ್ ಪೆನ್. ಡೆಲ್ಫ್ಟ್‌ನಲ್ಲಿ ನೀರಾವರಿ ಇಂಜಿನಿಯರಿಂಗ್ ಓದುತ್ತಿದ್ದ. ಗೆಳೆಯರ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್ ಮಾಡಲು ಹೋಗಿ ಬಿದ್ದಿದ್ದ. "ನೀರಿನ ವಿಷಯ ಓದ್ಲಿಕ್ಕೆ ಬಂದವನನ್ನು ನೀರೇ ಕೆಡವಿತು ಅಂತ ಹೇಳಿ ಅವನೇ ನಗಾಡಿದ. ನೋವಿತ್ತು ಪಾಪ, ಆದರೂ ನಗಾಡಿದ," ಎಂದು ಜಲಜಕ್ಕ ಹೇಳಿದ್ದರು.

ಕೈ ವಾಸಿಯಾದ ಮೇಲೂ ಅವನು ಬರುವುದು ನಿಲ್ಲಿಸಲಿಲ್ಲ. ಇಬ್ಬರೂ ಅರೆಬರೆ ಡಚ್, ಅರೆಬರೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದರು. ಅವರ ಭಾಷೆಯಲ್ಲಿ ಮುಖಕ್ಕೆ 'ಮುಕ್', ಗುರುವಿಗೆ 'ಕ್ರು' ಎನ್ನುತ್ತಾರೆಂದು ತಿಳಿದಾಗ ಜಲಜಕ್ಕನಿಗೆ ತಮ್ಮ ಊರಿನ ಪಕ್ಕದಲ್ಲೇ ಎಲ್ಲೋ ಅವನ ಊರೂ ಇದ್ದ ಹಾಗೆ ಅನ್ನಿಸಿತಂತೆ. 1973ರಲ್ಲಿ ಮದುವೆಯಾದರು. ಬ್ರಹ್ಮಾವರದ ಮನೆಯಲ್ಲಿ ತಮ್ಮ ಕೇಶವನೊಬ್ಬನನ್ನು ಬಿಟ್ಟು ಉಳಿದವರು ಮಾತು ಬಿಟ್ಟರು. ಎರಡು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ಪ್ರಭಾ ಎಂಬ ಹೆಸರನ್ನು ಆರಿಸಿದ್ದು ಸಾರಿತ್. ಆ ಶಬ್ದ ಅವನ ಭಾಷೆಯಲ್ಲೂ ಇತ್ತು.

ಮಗು ಹುಟ್ಟುವ ಕೆಲವು ತಿಂಗಳ ಮುಂಚೆಯೇ ನಾಮ್ ಪೆನ್ ಕ್ರಾಂತಿಕಾರಿಗಳ ಕೈಗೆ ಬಿದ್ದಿತ್ತು. ಊರಿಗೆ ಊರನ್ನೇ ಖಾಲಿ ಮಾಡಿಸಿ ಜನರನ್ನು ಹಳ್ಳಿಗಳಿಗೆ ನಡೆಸಿದರು ಎಂಬ ಸುದ್ದಿ ಬಂತು. ಸಾರಿತ್‌ನ ಅಪ್ಪ, ಅಮ್ಮ, ತಂಗಿ ಎಲ್ಲಿದ್ದಾರೆಂದು ತಿಳಿಯಲಿಲ್ಲ. ಮರುವರ್ಷ ಪ್ಯಾರಿಸ್‌ನಲ್ಲಿದ್ದ ಹೊಸ ಸರ್ಕಾರದ ಪ್ರತಿನಿಧಿಗಳು ಹೊರದೇಶದಲ್ಲಿ ಓದಿದವರನ್ನು ಕರೆಯತೊಡಗಿದರು. ಹಳೆಯದನ್ನು ಮರೆತಿದ್ದೇವೆ, ದೇಶ ಕಟ್ಟಲು ಬನ್ನಿ ಎಂದರು. ಸಾರಿತ್ ಹೊರಟ.

"ಹೋಗ್ಬೇಡ ಅಂತ ನೀವು ಹೇಳ್ಲಿಲ್ವಾ?" ಎಂದು ನಾನು ಕೇಳಿದ್ದೆ.

"ಅಮ್ಮನನ್ನು ಹುಡುಕ್ಲಿಕ್ಕೆ ಹೋಗ್ತೇನೆ ಅಂತ ಹೇಳಿದವನಿಗೆ ಎಂತ ಹೇಳುದು? ಆರು ತಿಂಗಳು, ಕಾಲುವೆ ಕೆಲಸ ಶುರು ಮಾಡಿ ನಿಮ್ಮನ್ನು ಕರೆಸಿಕೊಳ್ತೇನೆ ಅಂದ. ಸ್ಟೇಷನ್ನಿನಲ್ಲಿ ಪ್ರಭಾ ಅವನ ಕನ್ನಡಕ ಎಳೀತಿದ್ದಳು. ನಾನು ಅದಕ್ಕೆ ಅವಳಿಗೆ ಬೈದೆ. ಅಷ್ಟೇ ನೆನಪಿರುದು."

ದಾರಿಯಲ್ಲಿ ವಿಮಾನ ಬದಲಿಸಿದ ಬೀಜಿಂಗಿನಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಆಮೇಲೆ ಏನೂ ಬರಲಿಲ್ಲ. 1979ರಲ್ಲಿ ಆ ಸರ್ಕಾರ ಬಿದ್ದಾಗ ಟಿವಿಯಲ್ಲಿ ತಲೆಬುರುಡೆಗಳ ರಾಶಿಯನ್ನು ತೋರಿಸಿದರು. ಜಲಜಕ್ಕ ರೆಡ್ ಕ್ರಾಸ್‌ಗೆ ಬರೆದರು, ಪ್ಯಾರಿಸ್‌ಗೆ ಬರೆದರು. ಎಲ್ಲಿಯೂ ಸುಳಿವು ಸಿಗಲಿಲ್ಲ. 1984ರಲ್ಲಿ ಕೋರ್ಟು ಅವನನ್ನು ಸತ್ತವನೆಂದು ಘೋಷಿಸಿತು. ಆಸ್ಪತ್ರೆಗೆ ಹೋಗುವ ದಾರಿಯ ಟ್ರ್ಯಾಮ್ ಓಡಿಸುತ್ತಿದ್ದ ಕೀಸ್ ಇವರು ಓಡಿ ಬರುವುದನ್ನು ಕನ್ನಡಿಯಲ್ಲಿ ಕಂಡರೆ ಬಾಗಿಲು ಮುಚ್ಚದೆ ಕಾಯುತ್ತಿದ್ದರು. ಪರಿಚಯ ಬೆಳೆದು 1986ರಲ್ಲಿ ಮದುವೆಯಾಯಿತು. ಪ್ರಭಾಳಿಗೆ ಸೈಕಲ್ ಕಲಿಸಿದ್ದು, ಗಣಿತ ಹೇಳಿಕೊಟ್ಟಿದ್ದು, ಹುಡುಗರ ಜೊತೆ ಊರು ಸುತ್ತಿದಾಗ ಬಾಗಿಲಲ್ಲಿ ಕಾದು ನಿಂತದ್ದು ಎಲ್ಲವೂ ಕೀಸ್. ಅವಳು ಅವರನ್ನು, ಡಚ್ ಮಕ್ಕಳು ಅಪ್ಪನನ್ನು ಕರೆಯುವ ಹಾಗೆ, 'ಪಪ್' ಎಂದೇ ಕರೆಯುತ್ತಿದ್ದಳು.

1999ರ ಬೇಸಿಗೆಯಲ್ಲಿ ಒಬ್ಬ ಎಳೆಯ ಡಚ್ ಡಾಕ್ಟರ್ ಜಲಜಕ್ಕನನ್ನು ಹುಡುಕಿಕೊಂಡು ವಾರ್ಡಿಗೆ ಬಂದ. ಅವನು ಒಂದು ಸೇವಾಸಂಸ್ಥೆಯ ಮೂಲಕ ನಾಮ್ ಪೆನ್‌ನಲ್ಲಿ ಕೆಲಸ ಮಾಡಿ ಮರಳಿದ್ದ. ಅಲ್ಲಿ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಚಂತು ಎಂಬ ಹೆಂಗಸು, ಹಾಲೆಂಡಿನವರು ಯಾರೇ ಕಂಡರೂ ಕೈ ಹಿಡಿದು ನಿಲ್ಲಿಸಿ, ರಾಟರ್‌ಡ್ಯಾಮ್‌ನಲ್ಲಿ ನರ್ಸ್ ಆಗಿರುವ ಜಲಜಾ ಗೊತ್ತೇ ಎಂದು ಕೇಳುತ್ತಾಳಂತೆ. ಇವನು ಊರಿಗೆ ಬಂದವನು ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡಿ ಹುಡುಕಿದ್ದ.

"ಅವಳು ಯಾರು?" ಎಂದು ಜಲಜಕ್ಕ ಕೇಳಿದರು.

ಡಾಕ್ಟರ್, "ಸಾರಿತ್‌ನ ಹೆಂಡತಿ ಎಂದು ಹೇಳಿಕೊಳ್ಳುತ್ತಾಳೆ," ಎಂದ. ಸಾರಿತ್ ಬದುಕಿಲ್ಲ ಎಂಬುದನ್ನೂ ಹೇಳಿದ. ಉಳಿದದ್ದನ್ನು ಜಲಜಾಗೆ ಮಾತ್ರ ಹೇಳುತ್ತೇನೆ, ಸತ್ತವರ ಹಬ್ಬದ ಹೊತ್ತಿಗೆ ಬರಲಿ ಎಂದು ಅವಳು ಹೇಳಿ ಕಳಿಸಿದ್ದಳು.

ಅವತ್ತು ಸಂಜೆ ನಾನು ಅವರ ಅಡುಗೆಮನೆಯಲ್ಲಿದ್ದೆ. ಜಲಜಕ್ಕ ಅಳಲಿಲ್ಲ. ಅವರ ಮುಖ ಕೆಂಪಾಗಿತ್ತು. "ಸತ್ತಿದ್ದಾನೆ ಅಂತ ನನಗೆ ಯಾವತ್ತೋ ಗೊತ್ತಿತ್ತು ಊರ್ಮಿಳಾ. ಆದರೆ ಹೆಂಡತಿ ಅಂತೆ! ಇಲ್ಲಿ ನಾನು ಮಗು ಕಟ್ಟಿಕೊಂಡು ಊರೂರಿಗೆ ಕಾಗದ ಬರೀತಿದ್ದೆ, ಅಲ್ಲಿ ಅವ ಇನ್ನೊಂದು ಸಂಸಾರ ಮಾಡಿದ." ಆಮೇಲೆ ತಾವೇ, "ನಾನು ಮಾಡ್ಕೊಳ್ಬಹುದು, ಅವ ಮಾಡ್ಕೊಳ್ಬಾರ್ದು. ಹುಚ್ಚು ನೋಡು ನನಗೆ," ಎಂದರು.

ಕೀಸ್‌ಗೆ ಕನ್ನಡ ತಿಳಿಯದಿದ್ದರೂ ವಿಷಯ ತಿಳಿದಿತ್ತು. "ಹೋಗಿ ಬಾ, ಪ್ರಭಾಳನ್ನೂ ಕರೆದುಕೊಂಡು ಹೋಗು. ಅವನು ಅವಳ ಅಪ್ಪ," ಎಂದರು. ಅಕ್ಟೋಬರಿನಲ್ಲಿ ಅವರೇ ಇಬ್ಬರನ್ನೂ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು.

ನಾಮ್ ಪೆನ್‌ನಲ್ಲಿ ಮಳೆಗಾಲ ಮುಗಿಯುತ್ತಿತ್ತು. ನದಿ ದಡ ಮುಟ್ಟಿ ಹರಿಯುತ್ತಿತ್ತು. ಎಲ್ಲಿ ನೋಡಿದರೂ ಹೊಂಬಣ್ಣದ ಚೂಪು ಮಾಡಿನ ದೇವಸ್ಥಾನಗಳು, ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಅಲ್ಲಿಗೆ ಹೋಗುವ ಹೆಂಗಸರು. ಗುಡ್ಡದ ಮೇಲಿನ ದೇವಸ್ಥಾನದ ಮೆಟ್ಟಿಲಲ್ಲಿ ಏಳು ಹೆಡೆಯ ಕಲ್ಲಿನ ನಾಗನನ್ನು ಕಂಡು ಜಲಜಕ್ಕ ಅಭ್ಯಾಸಬಲದಿಂದ ಕೈ ಮುಗಿದರಂತೆ. ಊರು ಚೆನ್ನಾಗಿತ್ತು, ಅದೇ ನನಗೆ ಸಹಿಸಲಿಕ್ಕೆ ಆಗಲಿಲ್ಲ ಎಂದು ಆಮೇಲೆ ನನ್ನೊಡನೆ ಹೇಳಿದರು.

ಮೊದಲ ದಿನ ತಾಯಿ ಮಗಳು ಒಂದು ಹಳೆಯ ಶಾಲೆಗೆ ಹೋದರು. ಕ್ರಾಂತಿಕಾರಿಗಳು ಅದನ್ನು ಜೈಲು ಮಾಡಿ, ಸಾಯಿಸುವ ಮುಂಚೆ ಪ್ರತಿಯೊಬ್ಬರ ಫೋಟೋ ತೆಗೆದಿದ್ದರು. ಪರದೇಶದಿಂದ ಮರಳಿದ ಎಷ್ಟೋ ಜನರ ಕೊನೆ ಅಲ್ಲೇ ಆಗಿತ್ತು. ಆ ಫೋಟೋಗಳು ಈಗ ಗೋಡೆ ತುಂಬ ಇವೆ. ಜಲಜಕ್ಕ ಒಳಗೆ ಹೋಗಲಾರದೆ ಅಂಗಳದ ದೇವಕಣಗಿಲೆ ಮರದ ಕೆಳಗೆ ಕೂತರು. ಪ್ರಭಾ ಒಬ್ಬಳೇ ಕೋಣೆಯಿಂದ ಕೋಣೆಗೆ ನಡೆದಳು. ಹೊರಗೆ ಬಂದಾಗ ಅವಳ ತುಟಿ ಬಿಳಿಚಿತ್ತು.

"ಇದ್ದಾನಾ?" ಎಂದು ತಾಯಿ ಕೇಳಿದರು.

"ಗೊತ್ತಿಲ್ಲ ಅಮ್ಮಾ," ಎಂದಳು ಅವಳು ಡಚ್‌ನಲ್ಲಿ. "ನನಗೆ ಎಲ್ಲರೂ ಅವನ ಹಾಗೆಯೇ ಕಂಡರು."

ಆಮೇಲೆ ಜಲಜಕ್ಕ ಎದ್ದು ಒಳಗೆ ಹೋಗಿ ಎಲ್ಲ ಗೋಡೆಗಳನ್ನೂ ನೋಡಿ ಬಂದರು. ಸಾರಿತ್ ಅಲ್ಲಿರಲಿಲ್ಲ.

ಮರುದಿನ ಚಂತುವಿನ ಮನೆಗೆ ಹೋದರು. ಇಳಿದುಕೊಂಡಿದ್ದ ವಸತಿಗೃಹದ ಬೋಫಾ ಎಂಬ ಹುಡುಗಿ ಇಂಗ್ಲಿಷ್ ಬಲ್ಲವಳು, ದುಭಾಷಿಯಾಗಿ ಜೊತೆಗೆ ಬಂದಳು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ. ಹೊರಗೆ ಒಬ್ಬ ಗಂಡಸು ಸೈಕಲ್ ರಿಕ್ಷಾ ತೊಳೆಯುತ್ತಿದ್ದ. ಅವನು ಚಂತುವಿನ ಈಗಿನ ಗಂಡ. ಚಂತು ಕುಳ್ಳಗಿನ, ಕಪ್ಪಗಿನ ಹೆಂಗಸು, ಜಲಜಕ್ಕನಿಗಿಂತ ಚಿಕ್ಕವಳು. ಅವಳು ಮೊದಲು ಪ್ರಭಾಳ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ತುಂಬ ಹೊತ್ತು ನೋಡಿದಳು. "ಮುಕ್," ಎಂದಳು. ಮಿಕ್ಕ ಮಾತು ಜಲಜಕ್ಕನಿಗೆ ತಿಳಿಯಲಿಲ್ಲ. ಬೋಫಾ, "ಮುಖ ಅವನದೇ ಅಂತಿದ್ದಾರೆ," ಎಂದಳು.

ಚಾಪೆಯ ಮೇಲೆ ಕೂತು ಚಂತು ಹೇಳಿದಳು. ಸಾರಿತ್‌ನನ್ನು ವಿಮಾನದಿಂದ ಇಳಿದ ದಿನವೇ ಒಂದು ಶಿಬಿರಕ್ಕೆ ಕರೆದೊಯ್ದರು. ಒಂದು ವರ್ಷ ಅಲ್ಲಿಟ್ಟು ಬುದ್ಧಿ ತಿದ್ದುತ್ತೇವೆ ಎಂದು ದುಡಿಸಿ, ಆಮೇಲೆ ಕಾಲುವೆ ತೋಡಲು ಉತ್ತರದ ಕಡೆಯ ಒಂದು ಹಳ್ಳಿಗೆ ಕಳಿಸಿದರು. ಅಪ್ಪ, ಅಮ್ಮ, ತಂಗಿ ಊರು ಬಿಟ್ಟ ಮೊದಲ ವರ್ಷವೇ ತೀರಿಹೋಗಿದ್ದರು ಎಂಬುದು ಅವನಿಗೆ ಅಲ್ಲಿ ತಿಳಿಯಿತು. ಕನ್ನಡಕ ಕಿತ್ತುಕೊಂಡಿದ್ದರು. ಕಾಲುವೆಯ ಇಳಿಜಾರು ತಪ್ಪಾಗಿತ್ತು, ನೀರು ಹಿಂದಕ್ಕೆ ಹರಿಯುತ್ತಿತ್ತು. ಅವನು ತಿಳಿದೂ ಬಾಯಿ ಬಿಡಲಿಲ್ಲ. ಓದಿದವನೆಂದು ತೋರಿಸಿಕೊಂಡವರು ಉಳಿಯುತ್ತಿರಲಿಲ್ಲ.

ಚಂತು ಅದೇ ಹಳ್ಳಿಯಲ್ಲಿದ್ದಳು. ಗಂಡ, ಒಂದು ಮಗು ಹಸಿವಿನಿಂದ ಸತ್ತಿದ್ದರು. ಒಂದು ದಿನ ಗದ್ದೆಯಿಂದ ಬಂದ ಗಂಡಸರನ್ನು ಒಂದು ಸಾಲು, ಹೆಂಗಸರನ್ನು ಒಂದು ಸಾಲು ನಿಲ್ಲಿಸಿದರು. ಎದುರಿಗೆ ಸಿಕ್ಕವರ ಕೈ ಹಿಡಿಯಿರಿ, ಇವತ್ತಿನಿಂದ ನೀವು ಗಂಡ ಹೆಂಡತಿ, ದೇಶಕ್ಕೆ ಮಕ್ಕಳು ಬೇಕು ಎಂದರು. ಚಂತುವಿಗೆ ಸಿಕ್ಕಿದ್ದು ಸಾರಿತ್‌ನ ಕೈ.

"ಒಂದು ಗುಡಿಸಲು ಕೊಟ್ಟರು," ಎಂದು ಬೋಫಾ ತಲೆ ತಗ್ಗಿಸಿಕೊಂಡು ಹೇಳತೊಡಗಿದಳು. "ಕಂಬದ ಮೇಲೆ ಕಟ್ಟಿದ್ದು. ಕತ್ತಲಾದ ಮೇಲೆ ಅದರ ಕೆಳಗೆ ಕಾವಲಿನವರು ಬಂದು ಕೂತು ಕೇಳುತ್ತಿದ್ದರಂತೆ. ಗಂಡ ಹೆಂಡತಿಯ ಹಾಗೆ ಇದ್ದಾರೋ ಇಲ್ಲವೋ ಅಂತ. ಇಲ್ಲದಿದ್ದರೆ ಕರೆದುಕೊಂಡು ಹೋಗುತ್ತಿದ್ದರಂತೆ."

ಸಾರಿತ್ ಅವಳನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು, ಉಸಿರಿನಷ್ಟೇ ದನಿಯಲ್ಲಿ, ನನಗೆ ಹೆಂಡತಿ ಇದ್ದಾಳೆ, ಹೆಸರು ಜಲಜಾ, ರಾಟರ್‌ಡ್ಯಾಮ್‌ನಲ್ಲಿ ನರ್ಸ್, ಮಗಳು ಪ್ರಭಾ ಎಂದ. ನೀನು ಉಳಿದುಕೊಂಡರೆ ಅವರಿಗೆ ತಿಳಿಸು ಎಂದು ಆ ಮೂರು ಹೆಸರುಗಳನ್ನು ಅವಳಿಂದ ಮತ್ತೆ ಮತ್ತೆ ಹೇಳಿಸಿದ. ಅವಳು ಬೇಡಿಕೊಂಡಳು. ಅವನು, "ಕನ್ನಡಕ ತಗೊಂಡರು, ಹೆಸರು ತಗೊಂಡರು. ಇದೊಂದು ನನ್ನ ಹತ್ತಿರ ಇರಲಿ ಬಿಡು," ಎಂದ. ಕೆಳಗಿನವರಿಗೆ ಕೇಳಲೆಂದು ಸ್ವಲ್ಪ ದಿನ ಇಬ್ಬರೂ ಸುಮ್ಮನೆ ಸದ್ದು ಮಾಡಿದರು. ಯಾರೋ ತಟ್ಟಿಯ ಸಂದಿಯಿಂದ ನೋಡಿಬಿಟ್ಟರು. ಮರುದಿನ ಅವನನ್ನು ಸೌದೆ ತರಲೆಂದು ಕಾಡಿನ ಕಡೆಗೆ ಕರೆದುಕೊಂಡು ಹೋದರು. ಅವನು ಮರಳಿ ಬರಲಿಲ್ಲ. ಚಂತುವನ್ನು ಇನ್ನೊಂದು ಹಳ್ಳಿಗೆ ಅಟ್ಟಿದರು. ಅಲ್ಲಿಂದ ಕೆಲವೇ ತಿಂಗಳಿಗೆ ಆ ಸರ್ಕಾರ ಬಿದ್ದುಹೋಯಿತು.

ಬೋಫಾ ಮಾತು ನಿಲ್ಲಿಸಿದಳು. ಜಲಜಕ್ಕ ಇದ್ದಕ್ಕಿದ್ದಂತೆ ಕನ್ನಡದಲ್ಲಿ ಕೂಗತೊಡಗಿದರು. "ಎಂತಕ್ಕೆ ಹಾಗೆ ಮಾಡಿದ? ಇವಳ ಜೊತೆ ಮಲಗಿದ್ದರೆ ಎಂತ ಆಗ್ತಿತ್ತು? ನಾನೇನು ಬಂದು ನೋಡ್ತಿದ್ದೆನಾ? ಯಾರು ಕೇಳಿದ್ದರು ಇವನನ್ನು? ಬದುಕಬೇಕಿತ್ತು ಅವ, ಬದುಕಬೇಕಿತ್ತು!"

ಹೊರಗೆ ರಿಕ್ಷಾ ತೊಳೆಯುತ್ತಿದ್ದವನು ಬಾಗಿಲಿಗೆ ಬಂದು ನಿಂತ. ಚಂತು ಬೋಫಾಳ ಕಡೆ ನೋಡಿದಳು, ಬೋಫಾ ಪ್ರಭಾಳ ಕಡೆ. ಪ್ರಭಾ ಕಣ್ಣೊರೆಸಿಕೊಂಡು, ಅಮ್ಮ ಹೇಳಿದ್ದನ್ನು ಒಂದನ್ನೂ ಬಿಡದೆ ಇಂಗ್ಲಿಷ್‌ನಲ್ಲಿ ಹೇಳಿದಳು. ಬೋಫಾ ಅದನ್ನು ಚಂತುವಿಗೆ ಹೇಳಿದಳು.

ಚಂತು ತಲೆಯಾಡಿಸಿದಳು. "ನಾನೂ ಅವನಿಗೆ ಇದನ್ನೇ ಹೇಳಿದೆ," ಎಂದಳು.

ಆಮೇಲೆ ಅವಳು ಅನ್ನ, ಹುಳಿ ಹಾಕಿದ ಮೀನಿನ ಸಾರು ತಂದಿಟ್ಟಳು. ಜಲಜಕ್ಕನ ತಟ್ಟೆಗೆ ಮೀನು ಬಿಡಿಸಿ ಹಾಕುತ್ತಾ ಚಂತು ಏನೋ ಕೇಳಿದಳು. ಬೋಫಾ, "ನೀವು ಆಮೇಲೆ ಯಾರನ್ನಾದರೂ ಮದುವೆಯಾದಿರಾ ಅಂತ ಕೇಳ್ತಿದ್ದಾರೆ," ಎಂದಳು.

ಜಲಜಕ್ಕ ತಟ್ಟೆ ನೋಡುತ್ತಾ, "ಇಲ್ಲ," ಎಂದರು.

ಪ್ರಭಾ ಅಮ್ಮನನ್ನೇ ದಿಟ್ಟಿಸಿದಳು. ಆಮೇಲೆ ಬೋಫಾಳಿಗೆ, "ಇಲ್ಲ," ಎಂದಳು ತಾನೂ. ಚಂತು ಚಮಚ ಕೆಳಗಿಟ್ಟು ಜಲಜಕ್ಕನ ಬೆನ್ನು ಸವರುತ್ತಾ ಅತ್ತಳು. ಇಷ್ಟು ವರ್ಷ ಒಬ್ಬಳೇ, ಇಷ್ಟು ವರ್ಷ ಒಬ್ಬಳೇ ಎಂದು ಅವಳು ಅಳುತ್ತಿದ್ದಾಳೆಂದು ಬೋಫಾ ವಿವರಿಸಿದಳು. "ಆ ಕೈ ನನ್ನ ಬೆನ್ನ ಮೇಲೆ ಕೆಂಡದ ಹಾಗಿತ್ತು ಊರ್ಮಿಳಾ," ಎಂದು ಜಲಜಕ್ಕ ಆಮೇಲೆ ನನಗೆ ಹೇಳಿದರು.

ಮಾರನೆಯ ದಿನ ಬೆಳಗಾಗುವ ಮುಂಚೆ ಚಂತು ಅವರನ್ನು ನದಿ ದಡದ ದೇವಸ್ಥಾನಕ್ಕೆ ಕರೆದೊಯ್ದಳು. ಆ ಹದಿನೈದು ದಿನ ಸತ್ತವರು ಹಸಿದು ಬರುತ್ತಾರೆಂದು ಅಲ್ಲಿಯ ನಂಬಿಕೆ. ಎಳ್ಳು ಹಾಕಿದ ಅನ್ನದ ಉಂಡೆಗಳನ್ನು ಹಿಡಿದು, ದೇವಸ್ಥಾನದ ಸುತ್ತ ನಡೆಯುತ್ತಾ, ಸತ್ತವರ ಹೆಸರು ಹೇಳಿ ಕತ್ತಲೆಗೆ ಎಸೆಯುತ್ತಾರೆ. ಅದಕ್ಕೆ 'ಬೆನ್' ಎನ್ನುತ್ತಾರೆ. ಪಿಂಡ ಎಂಬುದೇ ಅಲ್ಲಿ ಬೆನ್ ಆಗಿದೆ. ಊರಿನಲ್ಲಿ ಅದು ಪಿತೃಪಕ್ಷದ ಕೊನೆ ಎಂದು ಜಲಜಕ್ಕನಿಗೆ ಆಗ ಹೊಳೆಯಿತು. ತನ್ನ ಅಪ್ಪ ಅಮ್ಮನಿಗೆ, ಮೊದಲ ಗಂಡನಿಗೆ, ಮಗುವಿಗೆ ಇಡುವಾಗ ಚಂತು ಪ್ರತಿ ವರ್ಷವೂ ಒಂದು ಉಂಡೆ ಸಾರಿತ್‌ಗೂ ಇಡುತ್ತಾ ಬಂದಿದ್ದಳು. ಆ ಸಲ ಅದನ್ನು ಜಲಜಕ್ಕನ ಕೈಗೆ ಕೊಟ್ಟಳು.

ಜಲಜಕ್ಕನಿಗೆ ಅದನ್ನು ಎಸೆಯಲು ಆಗಲಿಲ್ಲ. ಹಿಂದಿನ ದಿನ ಹೇಳಿದ ಸುಳ್ಳು ಕೈಯನ್ನು ಹಿಡಿದುಬಿಟ್ಟಿತ್ತು. ಅವರು ಉಂಡೆಯನ್ನು ಮಗಳ ಕೈಗಿಟ್ಟರು.

"ಏನು ಹೇಳಬೇಕು?" ಎಂದಳು ಪ್ರಭಾ.

"ಅಪ್ಪ ಅಂತ ಕರಿ. ಸಾಕು."

ಪ್ರಭಾ ಆ ಶಬ್ದವನ್ನು ಯಾರನ್ನೂ ಕರೆಯಲು ಬಳಸಿದವಳಲ್ಲ. "ಅಪ್ಪಾ," ಎಂದು ಕತ್ತಲೆಗೆ ಕರೆದು ಉಂಡೆ ಎಸೆದಳು.

ಹೊರಡುವಾಗ ಚಂತು ಒಂದು ರೇಷ್ಮೆಯ ವಸ್ತ್ರ ಕೊಟ್ಟಳು. ಇನ್ನು ತನಗೆ ನಿದ್ದೆ ಬರುತ್ತದೆ ಎಂದಳಂತೆ.

ವಿಮಾನ ಬ್ಯಾಂಕಾಕ್ ದಾಟಿತು. ಆಮೇಲೆ ಪ್ರಭಾ, "ಪಪ್‌ನನ್ನು ನೀನು ಇಲ್ಲ ಅಂದೆ. ನನ್ನ ಬಾಯಲ್ಲೂ ಹೇಳಿಸಿದೆ," ಎಂದಳು. ಸ್ಕಿಪೋಲ್‌ನಲ್ಲಿ ಕೀಸ್ ಇಬ್ಬರ ಕೋಟುಗಳನ್ನೂ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದರು. ಅಷ್ಟರಲ್ಲಿ ಇಲ್ಲಿ ಚಳಿ ಶುರುವಾಗಿತ್ತು.

ಮನೆಗೆ ಬಂದ ಸಂಜೆಯೇ ಜಲಜಕ್ಕ ಗಂಡನಿಗೆ ಎಲ್ಲವನ್ನೂ ಹೇಳಿದರು. ಗುಡಿಸಲಿನ ವಿಷಯ, ಕಾಡಿನ ವಿಷಯ, ಕೊನೆಗೆ ತಾವು ಹೇಳಿದ 'ಇಲ್ಲ'. ಕೀಸ್, "ಅಲ್ಲಿ ನನಗೂ ಬೇರೇನೂ ಹೇಳಲು ಆಗುತ್ತಿರಲಿಲ್ಲ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಜಲಜಕ್ಕ ನನ್ನ ಮುಂದೆ ಅತ್ತರು.

ಅವತ್ತಿನಿಂದ ಜಲಜಕ್ಕ ಪ್ರಭಾಳ ಹಳೆಯ ಕೋಣೆಯಲ್ಲಿ ಮಲಗತೊಡಗಿದರು. ಕೆಲಸಕ್ಕೆ ಹೋಗುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಕೀಸ್ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಆದರೆ ಕೀಸ್ ಪಕ್ಕದಲ್ಲಿ ಬಂದು ಕೂತರೆ ಎದ್ದು ಹೋಗುತ್ತಿದ್ದರು. ನಾನು ಒಂದು ದಿನ ಧೈರ್ಯ ಮಾಡಿ, "ಇವರದ್ದೇನು ತಪ್ಪು ಜಲಜಕ್ಕ?" ಎಂದು ಕೇಳಿದೆ.

"ಇವರದ್ದು ಎಂತ ತಪ್ಪೂ ಇಲ್ಲ. ಹತ್ತಿರ ಬಂದರೆ ಆ ಗುಡಿಸಲು ಕಾಣ್ತದೆ. ಕೆಳಗೆ ಕೂತು ಯಾರೋ ಕೇಳ್ತಿದ್ದಾರೆ ಅಂತ ಅನ್ನಿಸ್ತದೆ. ನಾನು ಎಂತ ಮಾಡ್ಲಿ ಹೇಳು."

ಡಿಸೆಂಬರಿನಲ್ಲಿ ಕೀಸ್ ಎರಡು ಪೆಟ್ಟಿಗೆ ತುಂಬಿಕೊಂಡು ಹತ್ತಿರದ ಹೌಡಾ ಎಂಬ ಊರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೋದರು. ಜಗಳವಾಗಲಿಲ್ಲ, ವಕೀಲರ ಹತ್ತಿರ ಯಾರೂ ಹೋಗಲಿಲ್ಲ. ಲಿಫ್ಟಿನ ಮುಂದೆ ನನ್ನನ್ನು ಕಂಡು ಅವರು ಪೆಟ್ಟಿಗೆ ಕೆಳಗಿಟ್ಟರು. "ಸಾರಿತ್ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಒಳ್ಳೆಯವನು. ಅದೇ ಕಷ್ಟ," ಎಂದರು. ಪ್ರಭಾ ಪ್ರತಿ ಭಾನುವಾರ ಲೈಡನ್‌ನಿಂದ ರೈಲು ಹತ್ತಿ, ಮೊದಲು ಹೌಡಾಕ್ಕೆ ಹೋಗಿ, ಆಮೇಲೆ ಅಮ್ಮನ ಬಳಿಗೆ ಬರುತ್ತಿದ್ದಳು.

ಜಲಜಕ್ಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅದಕ್ಕೆ ಶನಿವಾರ ಸಂಜೆ ಅವರನ್ನು ಸಂತೆಗೆ ಕರೆದೊಯ್ಯಲು ಕೀಸ್ ಹೌಡಾದಿಂದ ಬರುವುದನ್ನು ಮಾತ್ರ ಬಿಡಲಿಲ್ಲ. ನಾನು ಆರನೇ ಮಹಡಿಯಿಂದ ನೋಡುತ್ತಿದ್ದೆ. ಸಂತೆ ಮುಗಿಸಿ ಕಾರು ಮರಳಿ ಕೆಳಗೆ ಬಂದು ನಿಲ್ಲುತ್ತಿತ್ತು. ಜಲಜಕ್ಕ ಚೀಲಗಳನ್ನು ಎತ್ತಿಕೊಂಡು ಹಿಂದಿರುಗಿ ನೋಡದೆ ಒಳಗೆ ಹೋಗುತ್ತಿದ್ದರು. ಕೀಸ್ ಮೇಲೆ ಬರುತ್ತಿರಲಿಲ್ಲ. ಮೂರನೇ ಮಹಡಿಯ ಅಡುಗೆಮನೆಯ ದೀಪ ಹತ್ತುವ ತನಕ ಕಾರಿನಲ್ಲೇ ಕೂತಿದ್ದು, ಆಮೇಲೆ ಗಾಡಿ ತಿರುಗಿಸುತ್ತಿದ್ದರು.